ನನ್ನ ಬಾಯಲ್ಲಿ ಬೆಳ್ಳಿ, ರೆಸಿನ್, ಸಿಮೆಂಟ್

ನನ್ನ ಬಾಯಲ್ಲಿ ಮೂರು ಥರದ ಫಿಲ್ಲಿಂಗ್ ಇವೆ. ಎಡ ದವಡೆಯಲ್ಲಿ ಬೆಳ್ಳಿ, ಬಲ ದವಡೆಯಲ್ಲಿ ರೆಸಿನ್ (ಹಲ್ಲಿನ ಬಣ್ಣದ ಒಂಥರಾ ಪ್ಲಾಸ್ಟಿಕ್), ಕೋರೆಹಲ್ಲಿನ ಬುಡಕ್ಕೆ ಸಿಮೆಂಟ್. ಧಾರವಾಡ ಪೇಡೆ ತಿಂದು ಹಾಗೇ ಮಲಗಿದ್ದರ ಫಲ. ಮೂರರಲ್ಲಿ ವಿಷದ ಹೆದರಿಕೆ ಯಾವುದಕ್ಕೆ ಕಡಿಮೆ ಅನ್ನೋದೇ ಈಗ ಪ್ರಶ್ನೆ.

ಹುಬ್ಬಳ್ಳಿಯಲ್ಲಿ ರೆಸಿನ್ ಹಾಕಿಸಿಕೊಂಡು ಬಂದ ದಿನ ಅವ್ವ ಬಾಯಿ ತೆಗೆಸಿ ನೋಡಿದಳು. "ಪ್ಲಾಸ್ಟಿಕ್ ಡಬ್ಬ್ಯಾಗ ಬಿಸಿ ಸಾರು ಹಾಕಬ್ಯಾಡ ಅಂತಿ, ಈಗ ಬಾಯಾಗ ಪ್ಲಾಸ್ಟಿಕ್ ತುಂಬಿಸ್ಕೊಂಡು ಬಂದೀಯಲ್ಲ!"

ಅವಳ ಮಾತು ಪೂರ್ತಿ ತಪ್ಪಲ್ಲ. ಬಹಳಷ್ಟು ರೆಸಿನ್‌ಗಳಲ್ಲಿರುವ ಬಿಸ್-ಜಿಎಂಎ ಅನ್ನೋ ರಾಸಾಯನಿಕ ತಯಾರಾಗುವುದು ಪ್ಲಾಸ್ಟಿಕ್‌ಗೆ ಬಳಸುವ ಬಿಪಿಎಯಿಂದಲೇ. ನೀರಿನ ಬಾಟಲಿ ಮೇಲೆ 'ಬಿಪಿಎ ಇಲ್ಲ' ಅಂತ ಬರೆದಿರುತ್ತಲ್ಲ, ಅದೇ. ಆದರೆ ಫಿಲ್ಲಿಂಗ್‌ನಲ್ಲಿ ಅದು ಉಳಿದಿದ್ದರೂ ತೀರಾ ಚೂರು. ಜಾಸ್ತಿ ನೋಡಬೇಕಾದದ್ದು ಗಟ್ಟಿಯಾಗದೆ ಉಳಿದ ರೆಸಿನ್. ಗಟ್ಟಿಯಾಗಲಿ ಅಂತ ನೀಲಿ ಲೈಟ್ ಹಿಡಿದರೂ ಗಾಳಿ ತಾಗುವ ಮೇಲ್ಪದರ ಅಂಟಂಟಾಗಿಯೇ ಇರುತ್ತದೆ. ಜೊಲ್ಲಿಗೆ ಇಳಿಯುವುದು ಹೆಚ್ಚಾಗಿ ಅದು, ಅದೂ ಮೊದಲ ದಿನವೇ.

ಈ ಹಲ್ಲಿಗೆ ರೆಸಿನ್ ಎರಡು ಸಲ ಹಾಕಿಸಿದ್ದೇನೆ. ಮೊದಲನೆಯವರು ಇಡೀ ಕುಳಿ ಒಂದೇ ಸಲಕ್ಕೆ ತುಂಬಿ, ಒಂದೇ ಸಲ ಲೈಟ್ ಹಿಡಿದು "ಆತ್ರಿ, ಏಳ್ರಿ" ಅಂದುಬಿಟ್ಟರು. ಸಂಜೆವರೆಗೂ ಬಾಯಿ ಕಹಿ. ಎಂಟು ತಿಂಗಳಿಗೆ ಅಂಚು ಬಿಟ್ಟಿತು. ಎರಡನೇ ಡಾಕ್ಟರು ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿದರು. ಸುಮಾರು 2 ಮಿಲಿಮೀಟರ್ ಪದರ, 20 ಸೆಕೆಂಡ್ ಲೈಟ್, ಮತ್ತೆ ಪದರ, ಮತ್ತೆ ಲೈಟ್. ಕೊನೆಗೆ ಒದ್ದೆ ಹತ್ತಿಯಿಂದ ಮೇಲ್ಭಾಗ ಉಜ್ಜಿ, ಪಾಲಿಶ್ ಮಾಡಿ, ಎರಡು ಸಲ ಬಾಯಿ ಮುಕ್ಕಳಿಸಿಸಿದರು. ಕಹಿ ಇಲ್ಲವೇ ಇಲ್ಲ. ಹೆಸರು ಎರಡು ಸಲವೂ ರೆಸಿನ್ನೇ, ಕೆಲಸ ಮಾತ್ರ ಬೇರೆ.

ಬೆಳ್ಳಿ ಫಿಲ್ಲಿಂಗ್ ಅಂತೀವಿ, ತೂಕದಲ್ಲಿ ಸುಮಾರು ಅರ್ಧ ಪಾದರಸ. ಯುರೋಪ್ ಒಕ್ಕೂಟ 2025ರ ಜನವರಿ 1ರಿಂದ ಕೆಲವು ವಿನಾಯಿತಿ ಬಿಟ್ಟು ಇದರ ಬಳಕೆ ನಿಲ್ಲಿಸಿದೆ. ಆದರೂ ಬಾಳಿಕೆಯಲ್ಲಿ ನನ್ನ ಬಾಯಲ್ಲಿ ಇದೇ ಹುಲಿ. ಕಟಕ್ ರೊಟ್ಟಿ ಹದಿನೈದು ವರ್ಷದಿಂದ ಅದರ ಮೇಲೇ ಮುರಿಯುತ್ತಿದೆ. ತೆಗೆಸಿಬಿಡಲಾ ಅಂತ ಡಾಕ್ಟರನ್ನ ಕೇಳಿದೆ. "ಗಟ್ಟಿ ಇದ್ದದ್ದನ್ನ ಸುಮ್ನೆ ಕೊರೆದರೆ ಪಾದರಸದ ಹಬೆ ಇನ್ನೂ ಜಾಸ್ತಿ ಏಳುತ್ತೆ" ಅಂದರು. ಬಿಟ್ಟೆ.

ಸಿಮೆಂಟ್ ಅಂದರೆ ಗಾಜಿನ ಪುಡಿ, ಆಮ್ಲ. ಪಾದರಸ ಇಲ್ಲ, ರೆಸಿನ್ ಇಲ್ಲ. ಆದರೆ ರೆಸಿನ್ ಬೆರೆಸಿದ ಸಿಮೆಂಟೂ ಬರುತ್ತದೆ, ಯಾವುದು ಅಂತ ಮೊದಲೇ ಕೇಳಿಕೊಳ್ಳಿ. ಇದು ಚೂರುಚೂರೇ ಫ್ಲೋರೈಡ್ ಬಿಡುತ್ತದೆ. ಮುಂಡರಗಿ ಕಡೆಯ ನಮ್ಮ ಮಾವ ಫ್ಲೋರೈಡ್ ಅಂದ ಕೂಡಲೇ ಹೌಹಾರಿದರು, ಫ್ಲೋರೈಡ್ ತುಂಬಿದ ಬೋರ್ ನೀರು ಕುಡಿದು ಹಲ್ಲು ಕಂದಾದವರು ಪಾಪ. ಬೋರ್ ನೀರಿನಂತೆ ದಿನಾ ಹೊಟ್ಟೆ ತುಂಬ ಹೋಗುವಷ್ಟಿಲ್ಲ ಇದು. ಮೆತ್ತಗಿನದು ಅನ್ನೋದೇ ಇದರ ತಕರಾರು. ಎರಡೇ ವರ್ಷಕ್ಕೆ ಅರ್ಧ ಸವೆದಿದೆ.

ವಿಷದ ಹೆದರಿಕೆಯೊಂದನ್ನೇ ನೋಡಿದರೆ ನನ್ನ ಓಟು ಸಿಮೆಂಟಿಗೆ. ಬಸುರಿ ತಂಗಿಗೆ ಗದಗಿನಲ್ಲಿ ಅದನ್ನೇ ಹಾಕಿಸಿದೆವು. ನನ್ನ ಅಗಿಯುವ ಹಲ್ಲಿಗಾದರೆ ರೆಸಿನ್, ಆ ಎರಡನೇ ಡಾಕ್ಟರ ಕೈಯಲ್ಲಿ.

ಈಗ ಅವ್ವನ ಹಲ್ಲೂ ಹುಳುಕಾಗಿದೆ. ಮೂರರಲ್ಲಿ ಯಾವುದು ಬೇಕು ಅಂದರೆ ಲವಂಗದ ಡಬ್ಬಿ ತೋರಿಸುತ್ತಾಳೆ.