ಅಗ್ರಹಾರದ ತೊಟ್ಟಿಮನೆಯೋ, ಲಕ್ಷ್ಮೀಪುರಂ ಮನೆಯೋ?

ಮೈಸೂರಿನಲ್ಲಿ ಹಳೇ ಮನೆ ಕೊಳ್ಳುವವರು ಮೊದಲು ಅದರ ಹುಟ್ಟು ನೋಡಬೇಕು.

ಅಗ್ರಹಾರದ ತೊಟ್ಟಿಮನೆಗಳು ಅರಮನೆಗೆ ಹತ್ತಿರ, ಗೋಡೆಗೆ ಗೋಡೆ ತಾಗಿಕೊಂಡು ಎದ್ದವು. ಬೆಳಕು, ಗಾಳಿ ಬರುವುದು ನಡುವಿನ ತೊಟ್ಟಿ, ಅಂದರೆ ಮೇಲೆ ತೆರೆದ ಅಂಗಳದಿಂದಲೇ. ಮುಂದಿನ ಜಗಲಿ ಸೀದಾ ಬೀದಿಗೆ.

ಚಾಮರಾಜಪುರಂ, ಲಕ್ಷ್ಮೀಪುರಂ ಕಥೆ ಬೇರೆ. 1890ರ ದಶಕದ ಕೊನೆಯಲ್ಲಿ ಊರಿಗೆ ಪ್ಲೇಗ್ ಬಂತು. ಇಕ್ಕಟ್ಟಿನ ಕೇರಿಗಳ ಅಪಾಯ ಎಲ್ಲರಿಗೂ ಗೊತ್ತಾಯಿತು. 1903ರಲ್ಲಿ ಊರು ಸುಧಾರಿಸಲೆಂದೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ಹೊಸ ಬಡಾವಣೆಗಳಲ್ಲಿ ನೇರ ರಸ್ತೆ, ಮನೆ ಸುತ್ತ ಖಾಲಿ ಜಾಗ, ಹಿಂದೆ ಕಸ, ಹೊಲಸು ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ. ಆ ಗಲ್ಲಿಗಳು ಇವತ್ತಿಗೂ ಇವೆ, ನಡೆದು ನೋಡಿ. ಒಂದು ಊರು ಸಾವಿನಿಂದ ಕಲಿತದ್ದು ಅಲ್ಲಿ ಕಾಣುತ್ತದೆ.

ರಿಪೇರಿಯಲ್ಲಿ ಎರಡೂ ಒಂದೇ. ಗಾರೆ ಗೋಡೆಗೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿಯುತ್ತದೆ, ಸುಣ್ಣದ ಗಾರೆಯೇ ಬೇಕು. ತೊಟ್ಟಿಮನೆಯಲ್ಲಿ ಹೆಂಚಿನ ಸೂರುಗಳು ಕೂಡುವ ಮೂಲೆಗಳು ಸೋರುತ್ತವೆ, ಪ್ರತಿ ಮಳೆಗಾಲಕ್ಕೂ ಮುಂಚೆ ನೋಡಬೇಕು.

ಕಾರು ಇದ್ದರೆ, ಗಿಡ ಬೆಳೆಸುವ ಆಸೆಯಿದ್ದರೆ ಲಕ್ಷ್ಮೀಪುರಂ. ನನ್ನ ಮನಸ್ಸು ಮಾತ್ರ ತೊಟ್ಟಿಮನೆಗೇ. ಆದರೆ ಅಣ್ಣತಮ್ಮಂದಿರ ಪಾಲಿನಲ್ಲಿ ತೊಟ್ಟಿಗೇ ಗೋಡೆ ಎದ್ದಿದ್ದರೆ ಬೇಡ. ಪಾಲುಪತ್ರ ಓದಿಯೇ ಅಡ್ವಾನ್ಸ್ ಕೊಡಿ.