ಕೂದಲು ಬೆಳೆಸುತ್ತಿದ್ದೀರಾ? ‘ಸ್ವಲ್ಪ ಶೇಪ್ ಕೊಡ್ತೀನಿ’ ಅಂದರೆ ಬೇಡ ಅನ್ನಿ

ಮೇಲೆ ಗಿಡ್ಡ, ಕೆಳಗೆ ಉದ್ದ ಅಂತ ಹಂತ ಹಂತವಾಗಿ ಕತ್ತರಿಸುವ ಗಿಡ್ಡ ಲೇಯರ್ ಕಟ್‌ನಿಂದ ಉದ್ದ ಕೂದಲಿಗೆ ಹೊರಟವರು ಮುಂದಿನ ಟ್ರಿಮ್‌ಗೆ ಹೋಗುವ ಮೊದಲು ದಯವಿಟ್ಟು ಇದನ್ನು ಓದಿ. ತಿಂಗಳುಗಟ್ಟಲೆ ಕಾದು ಬೆಳೆಸಿದ್ದು ನನಗೆ ಒಂದೇ ಟ್ರಿಮ್‌ನಲ್ಲಿ ಹೋಯಿತು. ಹಿಂದಿನಿಂದ ನೋಡಿದರೆ ಉದ್ದ ಇದ್ದಷ್ಟೇ ಇತ್ತು. ಹೋದದ್ದು ಮೇಲಿನದು.

ಲೇಯರ್ ಬೆಳೆಯುವಾಗ ಕುತ್ತಿಗೆ ಹಿಂದಿನ ಕೂದಲು ಬೇಗ ಹೆಗಲು ಮುಟ್ಟುತ್ತದೆ, ನೆತ್ತಿಯದು ಇನ್ನೂ ಕಿವಿ ಹತ್ತಿರವೇ ಇರುತ್ತದೆ. ಬೆಳೆಯುವ ವೇಗ ಹೆಚ್ಚುಕಮ್ಮಿ ಒಂದೇ, ಆದರೆ ದಾರಿ ಬೇರೆ. ನೆತ್ತಿಯಿಂದ ಹೆಗಲಿಗೆ ಇಳಿಯಲು 30 ಸೆಂ.ಮೀ.ಗೂ ಜಾಸ್ತಿ ಉದ್ದ ಬೇಕು. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1ರಿಂದ 1.25 ಸೆಂ.ಮೀ. ಮಾತ್ರ. ಹಾಗಾಗಿ ಈ ಹೊತ್ತಲ್ಲಿ ಕತ್ತರಿ ಆಡಬೇಕಾದ್ದು ಕೆಳಗಿನ ಅಂಚಿನಲ್ಲಷ್ಟೇ. ಮೇಲಿನದು ಇಳಿದು ಬರುವವರೆಗೆ ಕೆಳಗಿನದು ಕಾಯಬೇಕು.

ಕೂದಲು ಕತ್ತರಿಸುವವರಲ್ಲಿ ನಾನು ಕೇಳಿದ್ದೂ ಅಷ್ಟೇ. “ಹಿಂದೆ ಇಳಿದಿರೋದನ್ನು ಸಮ ಮಾಡಿ ಸಾಕು, ಮೇಲೆ ಮುಟ್ಟಬೇಡಿ, ಉದ್ದ ಬಿಡ್ತಿದ್ದೀನಿ” ಅಂತ ಬಿಡಿಸಿ ಹೇಳಿದ್ದೆ. ಹೂಂ ಅಂದರು, ಅಂಚು ಸಮ ಮಾಡಿದರು. ಆಮೇಲೆ “ಮೇಲೆ ಭಾರ ಅನ್ಸುತ್ತೆ, ಸ್ವಲ್ಪ ಶೇಪ್ ಕೊಡ್ತೀನಿ” ಅಂದವರೇ, ನಾನು ಬಾಯಿ ತೆರೆಯುವಷ್ಟರಲ್ಲಿ ನೆತ್ತಿಯ ಒದ್ದೆ ಕೂದಲನ್ನು ಎರಡು ಬೆರಳ ನಡುವೆ ಹಿಡಿದು, ನೆಟ್ಟಗೆ ಮೇಲಕ್ಕೆಳೆದು ಕತ್ತರಿಸಿಬಿಟ್ಟರು. ಬೆರಳುದ್ದದ ತುಂಡುಗಳು ಮಡಿಲಿಗೆ ಬಿದ್ದವು. ಬೇಡ ಅಂದೆ. ಆದರೆ ಒಂದು ಕಡೆ ಆಗಿಹೋಗಿತ್ತು, ಇನ್ನೊಂದು ಕಡೆಯನ್ನು ಹಾಗೇ ಬಿಡುವಂತಿರಲಿಲ್ಲ. ಸಾಲದ್ದಕ್ಕೆ ಹಲ್ಲು ಹಲ್ಲಾಗಿರುವ ಕತ್ತರಿಯನ್ನೂ ಆಡಿಸಿದರು, ಥಿನ್ನಿಂಗ್ ಕತ್ತರಿ ಅಂತಾರಲ್ಲ, ಅದು.

ಕೂದಲನ್ನು ಮೇಲಕ್ಕೆ ಎತ್ತಿದರೆ ಎಚ್ಚರವಾಗಿಬಿಡಿ. ಕೆಳಕ್ಕೆ ಇಳಿಬಿಟ್ಟು ಅಡ್ಡಕ್ಕೆ ಕತ್ತರಿಸಿದರೆ ಅಂಚು ಒಂದೇ ಗೆರೆಗೆ ಬರುತ್ತದೆ. ಎತ್ತಿ ಹಿಡಿದು ಕತ್ತರಿಸಿದರೆ ಲೇಯರ್ ಬೀಳುತ್ತದೆ. ಅಂದರೆ ನೀವು ಯಾವುದರಿಂದ ಹೊರಬರಲು ಕಾಯುತ್ತಿದ್ದೀರೋ ಅದೇ ಮತ್ತೆ ಶುರು. ಥಿನ್ನಿಂಗ್ ಕತ್ತರಿಯ ಕಾಟ ಇನ್ನೂ ಜಾಸ್ತಿ. ಅದು ಒಳಗಿನ ಎಳೆಗಳನ್ನು ಅಲ್ಲೊಂದು ಇಲ್ಲೊಂದು ನಡುವಲ್ಲೇ ತುಂಡು ಮಾಡುತ್ತದೆ. ಬ್ಲೋ ಡ್ರೈ ಮಾಡಿದ ದಿನ ಹಗುರವಾಗಿ ಚೆನ್ನಾಗೇ ಕಾಣುತ್ತದೆ. ತಲೆಸ್ನಾನ ಮಾಡಿ ಒಣಗಿಸಿದ ಮೇಲೆ ನೋಡಿ, ಗಿಡ್ಡ ಎಳೆಗಳೆಲ್ಲ ಎದ್ದು ನಿಲ್ಲುತ್ತವೆ. ಜುಟ್ಟು ಕಟ್ಟಿದರೂ ಸುತ್ತ ಚುಚ್ಚಿಕೊಂಡು ಹೊರಬರುತ್ತವೆ. ಅವನ್ನು ಬೆಳೆಸದೆ ಬೇರೆ ದಾರಿಯಿಲ್ಲ.

ಗುಂಗುರು ಕೂದಲಿನವರಂತೂ ಒದ್ದೆಯಲ್ಲಿ ಕತ್ತರಿಸಲು ಬಿಡಲೇಬೇಡಿ. ಒದ್ದೆ ಕೂದಲು ಹಿಗ್ಗಿರುತ್ತದೆ. ಒಣಗಿ ಸುರುಳಿಯಾದಾಗ ಅಂದುಕೊಂಡದ್ದಕ್ಕಿಂತ ಎಷ್ಟೋ ಮೇಲಕ್ಕೆ ಹೋಗಿರುತ್ತದೆ.

“6 ವಾರಕ್ಕೊಮ್ಮೆ ಬನ್ನಿ, ಕತ್ತರಿಸ್ತಾ ಇದ್ರೆ ಬೇಗ ಬೆಳೆಯುತ್ತೆ” ಅಂತಲೂ ಹೇಳಿದರು. ಇದು ಸುಳ್ಳು. ಕೂದಲು ಬೆಳೆಯುವುದು ಬುಡದಲ್ಲಿ, ತುದಿಯಲ್ಲಿ ಏನು ಮಾಡಿದರೂ ಬುಡಕ್ಕೆ ಗೊತ್ತಾಗುವುದಿಲ್ಲ. 6 ವಾರದಲ್ಲಿ ಬರುವುದೇ 2 ಸೆಂ.ಮೀ.ಗಿಂತ ಕಡಿಮೆ. ಪ್ರತಿ ಸಲ ಅಷ್ಟೇ ತೆಗೆಸಿಕೊಂಡರೆ ವರ್ಷ ಕಳೆದರೂ ಇದ್ದಲ್ಲೇ ಇರುತ್ತೀರಿ. ಸೀಳಿದ ತುದಿ ಮಾತ್ರ ತೆಗೆಸಬೇಕು, ಇಲ್ಲದಿದ್ದರೆ ಸೀಳು ಮೇಲಕ್ಕೆ ಹತ್ತುತ್ತದೆ. ಅದಕ್ಕೆ ಅರ್ಧ ಸೆಂ.ಮೀ.ನಷ್ಟು ಸಾಕಾಗುವುದೂ ಉಂಟು.

ಎದ್ದು ನಿಂತ ಕೂದಲನ್ನು ಕೂರಿಸಲು ಸ್ಮೂದನಿಂಗ್ (ದ್ರಾವಣ ಹಚ್ಚಿ, ಬಿಸಿ ಕೊಟ್ಟು ಕೂದಲು ನಯ ಮಾಡುವುದು) ಮಾಡಿಸಿ ಅಂತ ಒತ್ತಾಯ ಬಂದರೆ ಅವಸರ ಬೇಡ. ಅಂಥ ಕೆಲವು ದ್ರಾವಣಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಅನ್ನುವ ಘಾಟು ಅನಿಲ ಬಿಡುತ್ತವೆ, ಕಣ್ಣು ಗಂಟಲು ಉರಿಯುತ್ತದೆ. ಎಳೆದು ಬಿಗಿಯಾಗಿ ಜುಟ್ಟು ಕಟ್ಟುವುದೂ ಬೇಡ. ದಿನಾ ಹಾಗೆ ಕಟ್ಟಿದರೆ ಹಣೆಯಂಚಿನ ಕೂದಲು ಉದುರುತ್ತದೆ. ಕಿವಿ ಮೇಲೆ ಎರಡು ಪಿನ್ ಹಾಕಿ, ಬೈತಲೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ. ಎಷ್ಟೋ ಮುಚ್ಚಿಹೋಗುತ್ತದೆ.

ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಡಿ: ಕೆಳಗಿನ ಅಂಚು ಮಾತ್ರ, ಹಲ್ಲಿನ ಕತ್ತರಿ ಬೇಡ, ಮೇಲಕ್ಕೆ ಎತ್ತಿ ಕತ್ತರಿಸಬೇಡಿ. “ಸ್ವಲ್ಪ” ಅನ್ನಬೇಡಿ, ಎಷ್ಟು ಅಂತ ಬೆರಳಲ್ಲಿ ತೋರಿಸಿ. ಮೇಲಿನ ಕೂದಲನ್ನು ನೀವೇ ಸುತ್ತಿ ಕ್ಲಿಪ್ ಹಾಕಿಕೊಂಡು ಕೂತರೆ ಇನ್ನೂ ಒಳ್ಳೆಯದು. ಅವರ ಕೈ ಕ್ಲಿಪ್ ಕಡೆ ಹೋಯಿತು ಅಂದ್ರೆ ಎದ್ದು ಬನ್ನಿ, ಸಂಕೋಚ ಬೇಡ.