3 ದಿನದ ಧ್ಯಾನಕೂಟ: ಎರಡು ಧ್ವಜಗಳ ನಡುವೆ

ಮಂಗಳೂರಿನ ಹೊರವಲಯದ ಧ್ಯಾನಕೇಂದ್ರವೊಂದರಲ್ಲಿ ಕಳೆದ ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ) ನಡೆದ ಮೌನ ಧ್ಯಾನಕೂಟದಲ್ಲಿ ನಾನು ಪಾಲ್ಗೊಂಡಿದ್ದೆ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದುಕೊಂಡ ಸೈನಿಕ, ಮುಂದೆ ಸಂತನಾದ ಲೊಯೋಲದ ಇಗ್ನೇಷಿಯಸ್ ರೂಪಿಸಿದ 30 ದಿನಗಳ ಧ್ಯಾನಸಾಧನೆಯನ್ನು 3 ದಿನಕ್ಕೆ ಇಳಿಸಿದ್ದರಿಂದ ಮೊದಲ ದಿನವೆಲ್ಲ ಅವಸರವೇ ಆಯಿತು. ಆದರೆ ‘ಎರಡು ಧ್ವಜಗಳು’ (ಒಂದು ಸೈತಾನನದು, ಇನ್ನೊಂದು ಕ್ರಿಸ್ತನದು) ಎಂಬ ಧ್ಯಾನವೊಂದಕ್ಕೇ ಕೊಟ್ಟ ಹಣ ಸಾರ್ಥಕ. ಸೈತಾನನು ಮನುಷ್ಯನಲ್ಲಿ ಮೊದಲು ಸಿರಿಯ ಆಸೆಯನ್ನು, ಅದರಿಂದ ಮಾನಸನ್ಮಾನದ ಹಂಬಲವನ್ನು, ಕೊನೆಗೆ ಅಹಂಕಾರವನ್ನು ಹುಟ್ಟಿಸುತ್ತಾನೆ, ಕ್ರಿಸ್ತನಾದರೋ ಬಡತನ, ಅವಮಾನಗಳ ಹಾದಿಯಿಂದ ದೀನತೆಗೆ ಕರೆಯುತ್ತಾನೆ ಎಂದು ಗುರುಗಳು ವಿವರಿಸುತ್ತಿದ್ದಾಗ, ನಮ್ಮ ಚರ್ಚಿನ ದೇಣಿಗೆ ಫಲಕದಲ್ಲಿ ನನ್ನ ಹೆಸರನ್ನು ಹುಡುಕಿದ್ದು (ಅದೂ ಎರಡು ಸಲ) ನೆನಪಾಗಿ ತಲೆ ತಗ್ಗಿತು. ಗಂಜಿಯೂಟ ಚೆನ್ನಾಗಿತ್ತು. ಪಾಪನಿವೇದನೆಗೆ ಒಬ್ಬರೇ ಗುರುಗಳಿದ್ದುದರಿಂದ ಸಾಲಿನಲ್ಲಿ ಎರಡು ತಾಸು ನಿಲ್ಲಬೇಕಾಯಿತು.